ನಮ್ಮ ಹಿತ್ತಿಲಲ್ಲಿರುವ ಮೂರು ತೂತಿನ ಕಲ್ಲು ಏನು? (ಸಕಲೇಶಪುರ, ಹೊಳೆ ದಂಡೆ)

ಹೊಳೆಬೀದಿ ಮೊಮ್ಮಗಳು

ಸಕಲೇಶಪುರದವರು ಯಾರಾದರೂ ಇದ್ದೀರಾ? ಒಂದು ಕಲ್ಲಿನ ವಿಷಯ ಕೇಳಬೇಕಿತ್ತು.

ಹೇಮಾವತಿ ದಂಡೆಗೆ ಅಂಟಿಕೊಂಡ ಹಳೇ ಬೀದಿಯೊಂದರಲ್ಲಿ ನಮ್ಮ ಅಜ್ಜಿ ಮನೆ ಇದೆ. ಬೀದಿಗೆ ಸರಿಯಾದ ಹೆಸರು ಬೇರೆ ಇದೆ, ನಾವು ಮನೆಯಲ್ಲಿ ಹೊಳೆ ಬೀದಿ ಅಂತಲೇ ಕರೆಯೋದು. ಅಜ್ಜಿ ಹೋಗಿ ಎರಡು ವರ್ಷ ಆಯಿತು. ಈಗ ಮನೆ ಮಾರಾಟಕ್ಕಿದೆ. ಹೋದ ವಾರ ಪಾತ್ರೆ ಪರಡಿ ಖಾಲಿ ಮಾಡೋಕೆ ಹೋಗಿದ್ದೆ.

ಆ ಮನೆಯಲ್ಲಿ ಚಿಕ್ಕಂದಿನಿಂದ ನನಗೆ ಬಗೆಹರಿಯದ ವಿಷಯ ಒಂದಿದೆ. ರಸ್ತೆ ಕಡೆಯ ಬಾಗಿಲು ತೀರಾ ಸಣ್ಣದು. ದೊಡ್ಡವರು ತಲೆ ಬಗ್ಗಿಸಿ ಒಳಗೆ ಬರಬೇಕು. ಹೊಳೆ ಕಡೆಯದು ಮಾತ್ರ ಎರಡು ಕದದ ಬಾಗಿಲು, ಹಲಸಿನ ಮರದ್ದು. ಹೊಸ್ತಿಲೇ ಒಂದು ಗೇಣು ಎತ್ತರ. ಅದರ ಮುಂದೆ ಉದ್ದಕ್ಕೂ ಜಗಲಿ, ಜಗಲಿ ಕಂಬಕ್ಕೆ ಗಿಣಿ ಕೆತ್ತನೆ. ಮನೆಯ ಅಂದವೆಲ್ಲ ಹಿತ್ತಿಲಿಗೆ! ಮೇಸ್ತ್ರಿ ನಕ್ಷೆ ತಿರುಗಾಮುರುಗಾ ಹಿಡಿದಿದ್ದ ಅಂತ ನಾವು ಮಕ್ಕಳು ನಗುತ್ತಿದ್ದೆವು. ಅಜ್ಜಿ ಮಾತ್ರ ಹೇಳುತ್ತಿದ್ದಳು, "ಮನೆ ಹೊಳೆ ನೋಡಬೇಕು, ಹೊಳೆ ಮನೆ ನೋಡಬಾರದು."

ಈ ಸಲ ಹಿತ್ತಿಲಲ್ಲಿ ಬೆಳೆದಿದ್ದ ಕೆಸುವಿನ ಗಿಡ, ಲಂಟಾನ ಎಲ್ಲ ಕಡಿಸಿದೆವು. ಅದರ ನಡುವೆ ಒಂದು ಕಲ್ಲಿನ ಕಂಬ. ನನ್ನ ಎದೆ ಮಟ್ಟಕ್ಕಿದೆ. ಮೇಲಿಂದ ಕೆಳಗೆ ಮೂರು ದುಂಡನೆಯ ತೂತು. ಅಜ್ಜಿ ಬಟ್ಟೆ ಒಣಹಾಕುವ ತಂತಿ ಕಟ್ಟುತ್ತಿದ್ದದ್ದು ಇದಕ್ಕೇ ಇರಬೇಕು, ತಂತಿಯ ತುಕ್ಕು ಇನ್ನೂ ಅಂಟಿದೆ. ಹರಿಗೋಲು ಕಟ್ಟುವ ಕಲ್ಲು ಅಂತ ನನ್ನ ಊಹೆ. ಹಳಬರು ಏನಂತೀರಿ? ಆ ಬೀದಿಗಳ ಬಗ್ಗೆ ಬೇರೆ ಏನೇ ಗೊತ್ತಿದ್ದರೂ ಬರೆಯಿರಿ.

ನಿರ್ವಾಹಕ

ಫೋಟೋದಲ್ಲಿ ಮನೆ ನಂಬರ್ ಕಾಣುತ್ತಿತ್ತು, ತೆಗೆದಿದ್ದೇನೆ. ಯಾರ ಮನೆ, ಎಷ್ಟಕ್ಕೆ ಮಾರಾಟ, ಇದೆಲ್ಲ ಇಲ್ಲಿ ಕೇಳಬೇಡಿ. ಕಲ್ಲಿನ ಬಗ್ಗೆ ಮಾತ್ರ ಮಾತಾಡಿ.

ಮಂಜಿನ ಕೋಟೆ

ಒಳ್ಳೆಯ ಪ್ರಶ್ನೆ. ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ, ಬೇಜಾರಾದರೆ ಮುಂದಕ್ಕೆ ಹೋಗಿ.

ಊರಿಗೆ ಹೆಸರು ಬಂದಿದ್ದೇ ಹೊಳೆ ದಂಡೆಯ ಸಕಲೇಶ್ವರನಿಂದ. ದೇವಸ್ಥಾನ ಹೊಯ್ಸಳರ ಕಾಲದ್ದು. ಶಕಲ ಅಂದರೆ ಚೂರು. ಚೂರಾದ ಲಿಂಗ ಸಿಕ್ಕಿದ್ದಕ್ಕೆ ಶಕಲೇಶ್ವರ, ಅದೇ ಬಾಯಿಂದ ಬಾಯಿಗೆ ಸಕಲೇಶ್ವರ ಆಯಿತು ಅಂತ ಒಂದು ಕಥೆ ಇದೆ. ಕಥೆಯೇ ಇರಲಿ, ಊರು ಹುಟ್ಟಿದ್ದು ಗುಡ್ಡದ ಮೇಲಲ್ಲ, ನೀರಿನ ಬದಿಯಲ್ಲಿ ಅನ್ನೋದಕ್ಕೆ ಆ ದೇವಸ್ಥಾನವೇ ಸಾಕ್ಷಿ.

ಈ ಸೀಮೆಗೆ ಮೊದಲು ಬಲಂ ಅಂತ ಹೆಸರು. ಐಗೂರಿನ ಪಾಳೆಯಗಾರರು ಆಳುತ್ತಿದ್ದರು. 1792ರಲ್ಲಿ ಟಿಪ್ಪು ಇಲ್ಲಿ ಎಂಟು ಮೂಲೆಯ ನಕ್ಷತ್ರದ ಆಕಾರದಲ್ಲಿ ಕೋಟೆ ಕಟ್ಟಿಸಿದ. ನೋಡಲು ಬಂದಾಗ ಸುತ್ತಲೂ ಮಂಜು ಕವಿದಿತ್ತಂತೆ, ಅದಕ್ಕೆ ಮಂಜರಾಬಾದ್ ಅಂದನಂತೆ. ಟಿಪ್ಪು ಹೋದ ಮೇಲೂ ಬಲಂನ ವೆಂಕಟಾದ್ರಿ ನಾಯಕ ಬ್ರಿಟಿಷರಿಗೆ ತಲೆಬಾಗಲಿಲ್ಲ. 1802ರಲ್ಲಿ ಆರ್ಥರ್ ವೆಲ್ಲೆಸ್ಲಿ ಸೈನ್ಯ ತಂದು ಸೋಲಿಸಿದ, ನಾಯಕನನ್ನು ಗಲ್ಲಿಗೇರಿಸಿದರು. ಮುಂದೆ ನೆಪೋಲಿಯನ್‌ನನ್ನು ಸೋಲಿಸಿದ ವೆಲಿಂಗ್ಟನ್ ಇವನೇ. ತಾಲ್ಲೂಕಿಗೆ ಬಹಳ ಕಾಲ ಮಂಜರಾಬಾದ್ ಅಂತಲೇ ಹೆಸರಿತ್ತು, ಕಚೇರಿ ಮಾತ್ರ ಸಕಲೇಶಪುರದಲ್ಲಿ.

ನಿಮ್ಮ ಕಲ್ಲು ಯಾವುದಾದರೂ ಹಳೇ ಮಂಟಪದ್ದಿರಬಹುದು. ಹೊಯ್ಸಳರ ಕಾಲಕ್ಕೆ ಹೋದರೂ ಆಶ್ಚರ್ಯವಿಲ್ಲ.

ಕಣದ ಕಾವಲು

ಮೇಷ್ಟ್ರೇ, ನಮ್ಮ ಜಿಲ್ಲೆಯಲ್ಲಿ ಬಟ್ಟೆ ಒಗೆಯೋ ಕಲ್ಲು ಸಿಕ್ಕಿದರೂ ಹೊಯ್ಸಳರದ್ದೇ. ಹೊಯ್ಸಳರು ಬಳಪದ ಕಲ್ಲಲ್ಲಿ ಕೆತ್ತಿದರು. ಫೋಟೋದಲ್ಲಿರೋದು ಒರಟು ಕಾಡುಗಲ್ಲು. ಮಂಟಪಕ್ಕೆ ಯಾರು ಮೂರು ತೂತು ಕೊರೆಯುತ್ತಾರೆ?

ಕೋಟೆ, ಪಾಳೆಯಗಾರ ಎಲ್ಲ ಸರಿ. ಆದರೆ ಈಗ ನಾವು ನೋಡೋ ಪೇಟೆ ಬೆಳೆದದ್ದು ಕಾಫಿಯಿಂದ. ಮಂಜರಾಬಾದ್ ಸೀಮೆಯಲ್ಲಿ ಗ್ರೀನ್ ಅನ್ನೋ ಇಂಗ್ಲಿಷಿನವನು ತೋಟ ಮಾಡಿದ್ದು 1843ರಲ್ಲಿ. ಅವನ ಹಿಂದೆ ಸಾಲುಸಾಲು ದೊರೆಗಳು ಬಂದರು. ಮನೆ ಹಿಂದೆ ನಾಲ್ಕು ಕಾಫಿ ಗಿಡ ಇಟ್ಟುಕೊಂಡಿದ್ದ ನಮ್ಮವರೂ ಅವರನ್ನು ನೋಡಿ ತೋಟ ಮಾಡಿದರು. ಹೊಳೆ ಬದಿ ಬೀದಿಗಳಲ್ಲಿ ಮಂಡಿ, ಗೋದಾಮು, ಗೋಣಿಚೀಲದ ಅಂಗಡಿ ಹುಟ್ಟಿದ್ದು ಆಮೇಲೆ.

ಹರಿಗೋಲು ಕಟ್ಟೋಕೆ ಮೂರು ತೂತು ಯಾಕೆ? ಒಂದು ಸಾಕಲ್ವಾ?

ಹೊಳೆಬೀದಿ ಮೊಮ್ಮಗಳು

ಮಳೆಗಾಲದಲ್ಲಿ ನೀರು ಏರಿದ ಹಾಗೆ ಮೇಲಿನ ತೂತಿಗೆ ಕಟ್ಟೋಕೆ ಅಂದುಕೊಂಡಿದ್ದೆ. ಸುಮ್ನೆ ಊಹೆ ಅಷ್ಟೆ.

ಘಟ್ಟ ಇಳಿದವ

ನಾನು ಮಂಗಳೂರಿನ ಕಡೆಯವನು, ಬ್ಯಾರಿ. ನಮ್ಮ ತಾತನ ತಂದೆ ಸಕಲೇಶಪುರಕ್ಕೆ ಒಣಮೀನು ತಂದು ಮಾರುತ್ತಿದ್ದವರು. ಆಮೇಲೆ ಅಲ್ಲೇ ಒಂದು ಅಂಗಡಿ ಹಾಕಿದರು. ನಮ್ಮ ಮನೆಯಲ್ಲಿ ಆ ಊರಿನ ಮಾತು ಬಂದರೆ "ಮೇಲಿನ ಪೇಟೆ" ಅನ್ನುತ್ತಿದ್ದರು. ಮೇಲಿನ ಅಂದರೆ ಘಟ್ಟದ ಮೇಲಿನ.

ನಿಮ್ಮ ಊರಿನ ಕಥೆಯನ್ನು ಹಾಸನದ ಕಡೆಯಿಂದ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. ಹಾಸನ ಅಲ್ಲಿಂದ 40 ಕಿಲೋಮೀಟರ್, ಮಂಗಳೂರು 130ರ ಹತ್ತಿರ. ಆದರೂ ಆಗಿನ ವ್ಯಾಪಾರದ ಮುಖ ಇದ್ದದ್ದು ನಮ್ಮ ಕಡೆಗೆ. ಕಾಫಿ ಘಟ್ಟ ಇಳಿದು ಮಂಗಳೂರಿಗೆ ಹೋಗಬೇಕು. ಅಲ್ಲಿ ಸಿಪ್ಪೆ ಬಿಡಿಸಿ, ಹಸನು ಮಾಡಿ, ಹಡಗು ಹತ್ತಿಸುತ್ತಿದ್ದರು. ಏಲಕ್ಕಿ, ಅಕ್ಕಿ ಕೂಡ ಇಳಿಯುತ್ತಿತ್ತು. ಗಾಡಿ ವಾಪಸ್ ಹತ್ತುವಾಗ ಖಾಲಿ ಬರುತ್ತದಾ? ಉಪ್ಪು, ಒಣಮೀನು, ತೆಂಗಿನಕಾಯಿ, ಆಮೇಲೆ ಹೆಂಚು. ಗಾಡಿ ರಸ್ತೆ ಆಗುವ ಮೊದಲು ಇದೆಲ್ಲ ಹೇರೆತ್ತಿನ ಬೆನ್ನ ಮೇಲೆ. ಎತ್ತಿನ ಎರಡೂ ಪಕ್ಕೆಗೆ ಚೀಲ, ಸಾಲಾಗಿ ಹತ್ತಿಪ್ಪತ್ತು ಎತ್ತು.

ನಮ್ಮ ತಾತ ಹೇಳುತ್ತಿದ್ದ ಒಂದು ಮಾತು ನೆನಪಿದೆ. ಮಳೆಗಾಲದಲ್ಲಿ ಒಣಮೀನಿನ ಬುಟ್ಟಿ ಇಟ್ಟುಕೊಂಡು ಹೊಳೆ ಇಳಿಯೋದಕ್ಕೆ ಕಾಯೋದು ಅಂದರೆ ನರಕ. ಮೀನು ಮೆತ್ತಗಾಗುತ್ತದೆ, ಪಕ್ಕದಲ್ಲಿ ಅಕ್ಕಿ ಗಾಡಿಯವನು ಬೈಯುತ್ತಾನೆ.

ಒಂದು ಕೆಲಸ ಮಾಡಿ. ಮನೆ ಮಾಡಿನಿಂದ ಒಂದು ಹೆಂಚು ತೆಗೆದು ಹೊಟ್ಟೆ ಕಡೆ ತಿರುಗಿಸಿ ನೋಡಿ. ಅಕ್ಷರ ಇರುತ್ತದೆ. ಏನಿದೆ ಹೇಳಿ.

ವೀಕೆಂಡ್ ರೈಡರ್

ಫ್ರೆಂಡ್ಸ್, ಶನಿವಾರ ಬೆಂಗಳೂರಿಂದ ಬೈಕಲ್ಲಿ ಬರ್ತಿದೀವಿ. ಈ ಹೊಳೆ ಬೀದಿ ನೋಡೋ ಹಾಗಿದೆಯಾ? ಕಡುಬು ಎಲ್ಲಿ ಚೆನ್ನಾಗಿ ಸಿಗತ್ತೆ?

ಆಶ್ಲೇಷ

ನೋಡೋಕೆ ಏನೂ ಇಲ್ಲ. ಜನ ಇದ್ದಾರೆ. ಬಟ್ಟೆ ಒಣಹಾಕಿರುತ್ತಾರೆ. ಬೈಕ್ ಸದ್ದು ಕಡಿಮೆ ಮಾಡಿಕೊಂಡು ಹೋಗಿ.

ಕಣದ ಕಾವಲು

ಪಾಪ, ಯಾಕೆ ಹಾಗೆ ಬಯ್ತೀರಿ. ರೈಡರ್ ಅವರೇ, ಕೋಟೆ ನೋಡಿ. ಹೆದ್ದಾರಿ ಪಕ್ಕದಲ್ಲೇ ದೋಣಿಗಾಲ್ ಹತ್ತಿರ. ಮಳೆಯಲ್ಲಿ ಮೆಟ್ಟಿಲು ಜಾರುತ್ತದೆ, ಹುಷಾರು. ಕಡುಬು ಮನೆಯಲ್ಲಿ ತಿನ್ನೋದು, ಯಾರದ್ದಾದರೂ ಪರಿಚಯ ಮಾಡಿಕೊಳ್ಳಿ.

ಆಶ್ಲೇಷ

ನಾನು ಆ ಬೀದಿಗಳಲ್ಲೇ ಇರುವವನು. ಇಲ್ಲಿ ಬರೆಯುತ್ತಿರುವವರಲ್ಲಿ ಈಗಲೂ ಅಲ್ಲಿ ಮಲಗಿ ಏಳುವವನು ನಾನೊಬ್ಬನೇ ಅಂತ ಕಾಣುತ್ತದೆ. ಹೆಸರು ಯಾಕೆ ಹೀಗಿಟ್ಟುಕೊಂಡೆ ಗೊತ್ತಾ? "ಆಶ್ಲೇಷ ಮಳೆ, ಈಸಲಾರದ ಹೊಳೆ" ಅಂತ ಗಾದೆ ಕೇಳಿರುತ್ತೀರಿ. ನಮಗೆ ಅದು ಗಾದೆಯಲ್ಲ, ಕ್ಯಾಲೆಂಡರ್.

2019ರ ಆಗಸ್ಟ್ ಎರಡನೇ ವಾರ. ಸರಿಯಾಗಿ ಆಶ್ಲೇಷದಲ್ಲಿ. ಮೂರು ದಿನ ಮಳೆ ನಿಂತಿರಲಿಲ್ಲ. ಹೊಳೆಮಲ್ಲೇಶ್ವರನ ಗುಡಿ ಸುತ್ತ ನೀರು ಬಂತು ಅಂದರೆ ನಮಗೆ ಮೊದಲ ಗಂಟೆ ಹೊಡೆದ ಹಾಗೆ. ಆಜಾದ್ ರಸ್ತೆ ಕಡೆಯವರು ಸಾಮಾನು ಮೇಲೆ ಸಾಗಿಸೋಕೆ ಶುರು ಮಾಡಿದರು. ಎಲ್ಲರೂ ಹೊಳೆ ದಂಡೆ ಕಡೆ ಟಾರ್ಚ್ ಬಿಟ್ಟು ನೋಡುತ್ತಿದ್ದರು. ನೀರು ಬಂದದ್ದು ಆ ಕಡೆಯಿಂದ ಅಲ್ಲ. ನಮ್ಮ ಬಚ್ಚಲಿನಿಂದ.

ಇದನ್ನು ಹೊರಗಿನವರಿಗೆ ಅರ್ಥ ಮಾಡಿಸೋದು ಕಷ್ಟ. ದಂಡೆ ಎತ್ತರ ಇರುತ್ತದೆ. ಆದರೆ ಬೀದಿಯ ಚರಂಡಿ ಹೊಳೆಗೆ ಬೀಳುವ ಬಾಯಿ ಕೆಳಗಿರುತ್ತದೆ. ಹೊಳೆ ಆ ಬಾಯಿಗಿಂತ ಮೇಲೆ ಬಂದರೆ ಚರಂಡಿ ಉಲ್ಟಾ ಹರಿಯುತ್ತದೆ. ಮೊದಲು ಬಚ್ಚಲಲ್ಲಿ ಗುಳುಗುಳು ಸದ್ದು. ಆಮೇಲೆ ಕಪ್ಪು ನೀರು. ಆಮೇಲೆ ಕೆಂಪು ನೀರು. ಕೆಂಪು ಬಂತು ಅಂದರೆ ಹೊಳೆಯೇ ಬಂತು. ಬಚ್ಚಲ ತೂತಿಗೆ ಗೋಣಿಚೀಲ ತುರುಕಿ, ಮೇಲೆ ಒರಳು ಕಲ್ಲು ಇಟ್ಟೆ. ಬೆಳಗಿನ ಜಾವ ಅದೂ ಅಲುಗಾಡಿತು. ಫ್ರಿಜ್ಜು ಮಂಚದ ಮೇಲೆ, ಮಂಚ ಇಟ್ಟಿಗೆ ಮೇಲೆ, ಅಮ್ಮ ಅಟ್ಟದ ಮೇಲೆ. ನೀರು ಇಳಿದ ಮೇಲೆ ಗೋಡೆಯಲ್ಲಿ ಒಂದು ಗೆರೆ ಉಳಿಯಿತು. ಎರಡು ಸಲ ಸುಣ್ಣ ಹೊಡೆದರೂ ಮಳೆಗಾಲದಲ್ಲಿ ಮತ್ತೆ ಕಾಣುತ್ತದೆ.

ಹಳೇ ಬೀದಿ, ಹೊಳೆ ದಂಡೆ ಅಂತ ಬರೆಯೋದು ಚೆಂದ. ದುಡ್ಡಿದ್ದವರು ಎತ್ತರದ ಬಡಾವಣೆಗೆ ಹೋದರು. ಉಳಿದವರು ಗೋಡೆಯ ಗೆರೆ ನೋಡಿಕೊಂಡು ಇದ್ದೇವೆ. ಹೊಳೆಬೀದಿ ಮೊಮ್ಮಗಳು ಅವರೇ, ನಿಮ್ಮ ಮನೆಯ ಹೊಸ್ತಿಲು ಒಂದು ಗೇಣು ಎತ್ತರ ಯಾಕೆ ಅಂತ ಈಗ ಗೊತ್ತಾಯಿತಾ?

ಹೊಳೆಬೀದಿ ಮೊಮ್ಮಗಳು

ಗೊತ್ತಾಯಿತು. ಅಜ್ಜಿಯ ಮಾತೂ ಈಗ ಅರ್ಥ ಆಯಿತು. 2019ರಲ್ಲಿ ನಾವು ಫೋನ್ ಮಾಡಿದರೆ "ಏನಿಲ್ಲ, ಜಗಲಿ ತೊಳೆದುಕೊಂಡು ಹೋಯಿತು" ಅಂದಿದ್ದಳು. ಒಳಗೆ ಎಷ್ಟು ಬಂದಿತ್ತು ಅಂತ ಹೇಳಲೇ ಇಲ್ಲ. ನೀವು ಹೇಳಿದ ಮೇಲೆ ಕೋಣೆಯ ಕ್ಯಾಲೆಂಡರ್ ತೆಗೆದು ನೋಡಿದೆ. ಹಿಂದೆ ಗೆರೆ ಇದೆ. ನನ್ನ ಮೊಣಕಾಲಿಗೆ ಬರುತ್ತದೆ. ಅಷ್ಟು ತಗ್ಗಿಗೆ ಯಾಕೆ ಕ್ಯಾಲೆಂಡರ್ ನೇತುಹಾಕಿದ್ದಾಳೆ ಅಂತ ಒಬ್ಬರೂ ಕೇಳಿರಲಿಲ್ಲ.

ಘಟ್ಟ ಇಳಿದವರಿಗೆ: ಹೆಂಚು ತೆಗೆಸಿದೆ. ಎರಡು ತರದ್ದಿದೆ. ರಸ್ತೆ ಕಡೆಯದಕ್ಕೆ ಇಂಗ್ಲಿಷಿನಲ್ಲಿ ಕಾಮನ್‌ವೆಲ್ತ್ ಅಂತ ಅಚ್ಚು. ಹೊಳೆ ಕಡೆ ಜಗಲಿ ಮೇಲಿನದಕ್ಕೆ ಬಾಸೆಲ್ ಮಿಷನ್, 1865. ಅಂದರೆ ಜಗಲಿ 1865ರದ್ದು!

ಘಟ್ಟ ಇಳಿದವ

ನಿಧಾನ. ಈ 1865 ಎಲ್ಲರನ್ನೂ ಯಾಮಾರಿಸುತ್ತದೆ. ಅದು ಹೆಂಚು ಮಾಡಿದ ವರ್ಷ ಅಲ್ಲ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೆ ಎಷ್ಟೋ ವರ್ಷ ಅದೇ ಅಚ್ಚು ಒತ್ತುತ್ತಿದ್ದರು.

ಆದರೆ ನಿಮ್ಮ ಎರಡು ತರದ ಹೆಂಚು ಒಳ್ಳೆಯ ಸುಳಿವು. ಒಂದನೇ ಮಹಾಯುದ್ಧದಲ್ಲಿ ಜರ್ಮನ್ ನಂಟಿನ ಮಿಷನ್ ಅಂತ ಬ್ರಿಟಿಷರು ಅವರ ಕಾರ್ಖಾನೆಗಳನ್ನು ಕಿತ್ತುಕೊಂಡರು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಅಂದರೆ ಬಾಸೆಲ್ ಹೆಂಚು ಯುದ್ಧಕ್ಕೆ ಮೊದಲಿನದು, ಕಾಮನ್‌ವೆಲ್ತ್ ಹೆಂಚು ಆಮೇಲಿನದು. ನಿಮ್ಮ ಮನೆ ಮೊದಲು ಹೊಳೆ ಕಡೆ ಇತ್ತು, ಆಮೇಲೆ ರಸ್ತೆ ಕಡೆಗೆ ಬೆಳೆದಿದೆ. ಆ ಸಣ್ಣ ಬಾಗಿಲು ಮುಂಬಾಗಿಲಾಗಿ ಹುಟ್ಟಿದ್ದಲ್ಲ.

ಮಂಜಿನ ಕೋಟೆ

ಬಾಗಿಲು ಹೆಂಚಿಗಿಂತ ಹಳೆಯದೂ ಇರಬಹುದು. ಮಲೆನಾಡಿನಲ್ಲಿ ಹೆಂಚು ಬರುವ ಮೊದಲು ಹುಲ್ಲಿನ ಮಾಡೇ ಜಾಸ್ತಿ. ಹುಲ್ಲು ತೆಗೆದು ಹೆಂಚು ಹೊದಿಸಿದ ಮನೆಗಳು ಎಷ್ಟಿಲ್ಲ? ಹೊಯ್ಸಳರ ವಿಷಯ ವಾಪಸ್ ತೆಗೆದುಕೊಂಡಿದ್ದೇನೆ, ಸಮಾಧಾನವಾ ಕಾವಲು ಅವರೇ?

ಕಣದ ಕಾವಲು

ಪೂರ್ತಿ ಸಮಾಧಾನ.

ಗೂಡ್ಸ್ ಗಾಡಿ

ಬಾಗಿಲು ತಿರುಗಿದ್ದಕ್ಕೆ ಕಾರಣ ಸೇತುವೆ ಅಂತ ನನ್ನ ಲೆಕ್ಕ. ಬ್ರಿಟಿಷರ ಕಾಲದಲ್ಲಿ ಹೇಮಾವತಿಗೆ ಕಬ್ಬಿಣದ ಗರ್ಡರ್ ಸೇತುವೆ ಬಂತು. ಅದಕ್ಕೆ ಮೊದಲು ಬೇಸಿಗೆಯಲ್ಲಿ ಹೊಳೆಯೊಳಗೆ ಗಾಡಿ ಇಳಿಸಬೇಕು, ಮಳೆಗಾಲದಲ್ಲಿ ಹರಿಗೋಲು, ಅದೂ ಆಗದಿದ್ದರೆ ಕಾಯಬೇಕು. ಕಾಯೋರು ಇದ್ದ ಕಡೆ ಅಂಗಡಿ ಹುಟ್ಟುತ್ತದೆ. ಅನ್ನ ಬೇಕು, ಹುಲ್ಲು ಬೇಕು, ಎತ್ತಿಗೆ ಲಾಳ ಬೇಕು, ಮಲಗೋಕೆ ಜಗಲಿ ಬೇಕು. ನಿಮ್ಮ ಉದ್ದನೆಯ ಜಗಲಿ ಮನೆಯವರು ಕೂರೋಕೆ ಮಾಡಿದ್ದು ಅಂತ ನನಗೆ ಅನಿಸುತ್ತಿಲ್ಲ. ಗಾಡಿಯವರು ಮಲಗೋಕೆ.

ಸೇತುವೆ ಆದ ಮೇಲೆ ಯಾರೂ ಕಾಯಬೇಕಾಗಿಲ್ಲ. ಗಾಡಿ ಮೇಲಿಂದ ಹೋಯಿತು, ವ್ಯಾಪಾರವೂ ಮೇಲಿನ ರಸ್ತೆಗೆ ಹೋಯಿತು. ಅದೇ ಈಗಿನ ಬಿ.ಎಂ. ರಸ್ತೆ, ಬೆಂಗಳೂರು ಮಂಗಳೂರು ರಸ್ತೆ. ಹೊಳೆ ಕಡೆ ಹಿತ್ತಿಲಾಯಿತು.

ಅದೇ ಕೆಲಸ ಇನ್ನೆರಡು ಸಲ ಆಗಿದೆ ನೋಡಿ. 1979ರಲ್ಲಿ ಹಾಸನ ಮಂಗಳೂರು ರೈಲು ಬಂತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ, 109 ಸೇತುವೆ. ಸ್ಟೇಷನ್ ಕಡೆ ಊರು ಬೆಳೆಯಿತು. 1996ರಲ್ಲಿ ಬ್ರಾಡ್‌ಗೇಜ್ ಮಾಡ್ತೀವಿ ಅಂತ ನಿಲ್ಲಿಸಿದವರು ಗೂಡ್ಸ್ ಬಿಟ್ಟದ್ದು 2006ಕ್ಕೆ, ಜನ ಹತ್ತಿದ್ದು 2007ರ ಡಿಸೆಂಬರಿಗೆ. ಹತ್ತು ವರ್ಷ ಸ್ಟೇಷನ್ ಹತ್ತಿರದ ಹೋಟೆಲಿನವರು ನೊಣ ಹೊಡೆದರು. ಈಗ ಬೈಪಾಸ್. ಲಾರಿ ಎಲ್ಲ ಊರ ಹೊರಗಿಂದ ಹೋಗುತ್ತವೆ. ಬಿ.ಎಂ. ರಸ್ತೆಯ ಅಂಗಡಿಯವರು ಈಗ ನಿಮ್ಮ ಅಜ್ಜಿ ಮನೆಯ ಜಗಲಿ ಆಗುತ್ತಿದ್ದಾರೆ.

ಕಣದ ಕಾವಲು

ಬೈಪಾಸ್ ಆದರೂ ಘಟ್ಟ ಕುಸಿದರೆ ಎಲ್ಲ ಇಲ್ಲೇ ಬಂದು ನಿಲ್ಲಬೇಕು. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಹತ್ತಿರ ಗುಡ್ಡ ಜಾರಿದಾಗ ನೋಡಲಿಲ್ವಾ? ಲಾರಿ ಸಾಲು, ಡ್ರೈವರ್‌ಗಳು ಸ್ಟೋವ್ ಹಚ್ಚಿಕೊಂಡು ಅನ್ನ ಮಾಡುತ್ತಿದ್ದರು. ಗೂಡ್ಸ್ ಗಾಡಿಯವರು ಹೇಳಿದ ಕಾಯೋ ಊರು ಅನ್ನೋ ಮಾತು ಅಲ್ಲಿಗೆ ಸರಿ ಹೋಯಿತು. ಆಗ ಹೊಳೆ ಇಳಿಯೋಕೆ ಕಾಯುತ್ತಿದ್ದರು, ಈಗ ಮಣ್ಣು ತೆಗೆಯೋಕೆ.

ಏಲಕ್ಕಿ ವಾಸನೆ

ಕಾಫಿಯವರೇ ಎಲ್ಲ ಮಾತಾಡುತ್ತಿದ್ದೀರಿ, ಏಲಕ್ಕಿಗೂ ಒಂದು ಸಾಲು ಕೊಡಿ. ನಮ್ಮ ದೊಡ್ಡಮ್ಮ ಆ ಬೀದಿಯ ಒಂದು ಮಂಡಿಯಲ್ಲಿ ಏಲಕ್ಕಿ ಆರಿಸುತ್ತಿದ್ದರು. ಹತ್ತಿಪ್ಪತ್ತು ಹೆಂಗಸರು, ಮೊರದಲ್ಲಿ ಏಲಕ್ಕಿ. ದಪ್ಪ ಹಸಿರು ಒಂದು ಕಡೆ, ಬಿರಿದದ್ದು ಒಂದು ಕಡೆ, ಬಿಳಿಚಿದ್ದು ಒಂದು ಕಡೆ. ಕನ್ನಡ, ತುಳು, ಬ್ಯಾರಿ, ತಮಿಳು, ಉರ್ದು, ಎಲ್ಲ ಒಂದೇ ಕೋಣೆಯಲ್ಲಿ. ದೊಡ್ಡಮ್ಮನಿಗೆ ಐದು ಭಾಷೆಯಲ್ಲಿ ಬೈಯೋಕೆ ಬರುತ್ತಿತ್ತು, ಒಂದರಲ್ಲೂ ಬರೆಯೋಕೆ ಬರುತ್ತಿರಲಿಲ್ಲ.

ಸಂಜೆ ಮನೆಗೆ ಬಂದರೆ ಸೀರೆಯ ಸೆರಗಿಗೆ ಏಲಕ್ಕಿ ವಾಸನೆ. ನಾವು ಮಕ್ಕಳು ಸೆರಗು ಮೂಸೋಕೆ ಜಗಳ ಆಡುತ್ತಿದ್ದೆವು. ಅದೇ ದೊಡ್ಡಮ್ಮ ಪಾಯಸಕ್ಕೆ ಏಲಕ್ಕಿ ಹಾಕುತ್ತಿರಲಿಲ್ಲ, ವಾಸನೆ ಕಂಡರೆ ವಾಕರಿಕೆ ಅನ್ನುತ್ತಿದ್ದರು.

ಆಮೇಲೆ ಕಟ್ಟೆ ರೋಗ ಬಂದು ಎಷ್ಟೋ ತೋಟದಲ್ಲಿ ಏಲಕ್ಕಿ ಹೋಯಿತು. ಎಲೆ ಮೇಲೆ ತಿಳಿ ಹಸಿರು ಪಟ್ಟೆ ಕಂಡರೆ ಮುಗಿಯಿತು, ಗಿಡ ಬುಡಸಮೇತ ಕಿತ್ತು ಸುಡಬೇಕು. ಗಿಡದಿಂದ ಗಿಡಕ್ಕೆ ಹೇನು ಹರಡುವ ರೋಗ ಅದು. ದೋಣಿಗಾಲ್‌ನಲ್ಲಿ ಏಲಕ್ಕಿಗೇ ಅಂತ ಸಂಶೋಧನಾ ಕೇಂದ್ರ ಇದೆ. ಮಂಡಿ ಮುಚ್ಚಿ ಬಹಳ ವರ್ಷ ಆಯಿತು.

ಕಣದ ಕಾವಲು

ಚೆನ್ನಾಗಿ ನೆನಪಿಸಿದಿರಿ. ಮಂಡಿಗಳ ಏಳುಬೀಳು ಹೊರಗಿನವರಿಗೆ ಗೊತ್ತಿಲ್ಲ, ಅದಕ್ಕೆ ಎರಡು ಮಾತು.

1942ರಲ್ಲಿ ಕಾಫಿ ಬೋರ್ಡ್ ಬಂತು. ಆಗಿನಿಂದ ಬೆಳೆದ ಕಾಫಿಯೆಲ್ಲ ಪೂಲ್‌ಗೆ, ಅಂದರೆ ಬೋರ್ಡಿನ ಒಟ್ಟು ರಾಶಿಗೆ, ಕೊಡಬೇಕು. ಸ್ವಂತಕ್ಕೆ ಮಾರೋ ಹಾಗಿಲ್ಲ. ಸಿಪ್ಪೆ ಬಿಡಿಸಿ ಹಸನು ಮಾಡೋ ಕ್ಯೂರಿಂಗ್ ವರ್ಕ್ಸ್‌ಗೆ ಚೀಲ ಹಾಕಿ ಬರೋದು, ದುಡ್ಡು ಕಂತಿನ ಮೇಲೆ ಕಂತಿನಲ್ಲಿ ಬರೋದು. ಒಂದು ವರ್ಷದ ಬೆಳೆಗೆ ಕೊನೇ ಕಂತು ಯಾವಾಗಲೋ ಬರುತ್ತಿತ್ತು. ನಮ್ಮಪ್ಪ ನನ್ನ ಅಕ್ಕನ ಮದುವೆಯನ್ನು ಒಂದು ಕಂತಿನ ಮೇಲೆ ನಂಬಿಕೆ ಇಟ್ಟು ನಿಶ್ಚಯ ಮಾಡಿದ್ದರು. ಕಂತು ಬಂದದ್ದು ಅಕ್ಕನಿಗೆ ಮಗು ಆದ ಮೇಲೆ.

ಹಾಗಾಗಿ ಹಳೇ ಬೀದಿಯ ಕಾಫಿ ಮಂಡಿಗಳು ಆ ಐವತ್ತು ವರ್ಷ ಸುಮಾರಾಗಿ ಮಲಗಿದ್ದವು. ದಿನಸಿ, ಗೊಬ್ಬರ, ಕಂಬಳಿ ಮಾರಿಕೊಂಡು ಇದ್ದರು. 1996ಕ್ಕೆ ಪೂಲ್ ಪೂರ್ತಿ ಹೋಯಿತು. ಬೆಳಗಾಗೋದರಲ್ಲಿ ಗಲ್ಲಿಗೊಂದು ಕಾಫಿ ಖರೀದಿ ಬೋರ್ಡು. 50 ಕೆಜಿ ಚೀಲಕ್ಕೆ ಇವತ್ತಿನ ರೇಟು ಅಂತ ಸುಣ್ಣದ ಕಡ್ಡಿಯಲ್ಲಿ ಬರೆದು ನಿಲ್ಲಿಸಿದರು. ಆದರೆ ಆಗ ಅಂಗಡಿ ಹುಟ್ಟಿದ್ದು ಮೇಲಿನ ರಸ್ತೆಯಲ್ಲಿ, ಲಾರಿ ನಿಲ್ಲೋ ಕಡೆ. ಹೊಳೆ ಬದಿಗೆ ವ್ಯಾಪಾರ ವಾಪಸ್ ಬರಲಿಲ್ಲ. ನೆರೆ ಬರುವ ಕಡೆ ಕಾಫಿ ಚೀಲ ಯಾರು ಇಡುತ್ತಾರೆ? ಒದ್ದೆಯಾದರೆ ಔಟ್‌ಟರ್ನ್, ಅಂದರೆ ಚೀಲಕ್ಕೆ ಸಿಗೋ ಒಳ್ಳೆ ಬೀಜದ ಲೆಕ್ಕ, ಬಿದ್ದುಹೋಗುತ್ತದೆ.

ಈಗ ಕಲ್ಲಿನ ವಿಷಯ. ನಿನ್ನೆ ನಮ್ಮ ತೋಟದ ಹಳೇ ಗೇಟಿನ ಹತ್ತಿರ ನಿಂತಿದ್ದಾಗ ತಟ್ಟನೆ ಹೊಳೆಯಿತು. ಮೊಮ್ಮಗಳು ಅವರೇ, ಆ ತೂತು ಆರುಪಾರು ಇದೆಯಾ, ಅರ್ಧಕ್ಕೆ ನಿಂತಿದೆಯಾ? ಕೈ ಹಾಕಿ ನೋಡಿ. ಹಾವು ಇಲ್ಲ ಅಂತ ಖಾತ್ರಿ ಮಾಡಿಕೊಂಡು ಹಾಕಿ.

ಹೊಳೆಬೀದಿ ಮೊಮ್ಮಗಳು

ಕಡ್ಡಿ ಹಾಕಿ ನೋಡಿದೆ. ಮೂರೂ ಆರುಪಾರು ಇದೆ. ಒಂದು ಕಡೆ ಬಾಯಿ ಸವೆದು ನುಣ್ಣಗಾಗಿದೆ, ಕೆಳಗಿನ ಅಂಚು ಜಾಸ್ತಿ ಸವೆದಿದೆ.

ಕಣದ ಕಾವಲು

ಉಣಗೋಲು!

ಹುಡುಗರಿಗೆ ಗೊತ್ತಿರಲ್ಲ, ಹೇಳುತ್ತೇನೆ. ಮಲೆನಾಡಿನಲ್ಲಿ ಕಬ್ಬಿಣದ ಗೇಟು ಬರುವ ಮೊದಲು ದಾರಿಗೆ ಅಡ್ಡ ಎರಡು ಕಲ್ಲು ಕಂಬ ನಿಲ್ಲಿಸುತ್ತಿದ್ದರು. ಒಂದರ ತೂತು ಆರುಪಾರು. ಇನ್ನೊಂದರದ್ದು ಅರ್ಧಕ್ಕೆ ನಿಲ್ಲುತ್ತದೆ. ಮೂರು ಬಿದಿರಿನ ಗಳ. ಆರುಪಾರು ತೂತಿನಿಂದ ಗಳ ತೂರಿಸಿ ಎದುರಿನ ಕಂಬದ ಗುಳಿಗೆ ಕೂರಿಸಿದರೆ ದಾರಿ ಬಂದ್. ತೆಗೆಯಬೇಕಾದರೆ ಹಿಂದಕ್ಕೆ ಎಳೆದರೆ ಆಯಿತು. ಸರಗೋಲು ಅಂತಲೂ ಹೇಳುತ್ತಾರೆ. ಕೆಳಗಿನ ಅಂಚು ಸವೆದಿರೋದು ಗಳ ಎಳೆದೂ ಎಳೆದೂ.

ಅದು ಹರಿಗೋಲಿನ ಕಲ್ಲಲ್ಲ, ಗೇಟು. ಗೇಟು ಇದೆ ಅಂದರೆ ದಾರಿ ಇತ್ತು. ನಿಮ್ಮ ಹಿತ್ತಿಲೇ ಹೊಳೆಗೆ ಇಳಿಯುವ ದಾರಿ. ಈಗ ಜೋಡಿ ಕಂಬ ಹುಡುಕಿ. ಗುಳಿ ಇರುವ ಕಂಬ. ಹತ್ತಡಿ ಒಳಗೆ ಸಿಗಬೇಕು.

ಘಟ್ಟ ಇಳಿದವ

ಉಣಗೋಲು ಇದ್ದರೆ ಅದು ದನ ತೋಟಕ್ಕೆ ನುಗ್ಗದ ಹಾಗೆ ಹಾಕಿದ್ದೂ ಇರಬಹುದಲ್ಲ? ಗಾಡಿ ದಾರಿಯೇ ಅಂತ ಹೇಗೆ ಹೇಳುತ್ತೀರಿ?

ಕಣದ ಕಾವಲು

ಅಗಲ ಹೇಳುತ್ತದೆ. ಜನ, ದನ ಹೋಗೋಕೆ ನಾಲ್ಕೈದು ಅಡಿ ಸಾಕು. ಎತ್ತಿನ ಗಾಡಿಗೆ ಎಂಟಡಿಯಾದರೂ ಬೇಕು. ಟೇಪ್ ಹಿಡಿಯಲಿ, ಆಮೇಲೆ ಜಗಳ ಆಡೋಣ.

ಆಶ್ಲೇಷ

ಜೋಡಿ ಕಂಬ ನನಗೆ ಗೊತ್ತು. ಅದು ಪಕ್ಕದ ಮನೆಯ ಬಚ್ಚಲ ಗೋಡೆಯೊಳಗೆ ಇದೆ. ಒಂದು ಮುಖ ಮಾತ್ರ ಹೊರಗೆ ಕಾಣುತ್ತದೆ. ಚಿಕ್ಕಂದಿನಲ್ಲಿ ಅದರ ಗುಳಿಯಲ್ಲಿ ನಾವು ಗೋಲಿ ಬಚ್ಚಿಡುತ್ತಿದ್ದೆವು. ಅದು ಏನು ಅಂತ ನಲವತ್ತು ವರ್ಷ ಯೋಚನೆ ಮಾಡಿರಲಿಲ್ಲ. ನಾಳೆ ಬೆಳಗ್ಗೆ ಮಳೆ ಬಿಟ್ಟರೆ ಬರುತ್ತೇನೆ, ಟೇಪಿನ ಇನ್ನೊಂದು ತುದಿ ಹಿಡಿಯೋಕೆ ಒಬ್ಬರು ಬೇಕಲ್ಲ.

ಹೊಳೆಬೀದಿ ಮೊಮ್ಮಗಳು

ಅಳತೆ ಆಯಿತು. ಆಶ್ಲೇಷ ಅವರು ಬಂದಿದ್ದರು. ಇಲ್ಲಿ ಬರೆಯುವಷ್ಟು ಸಿಡುಕಿನವರಲ್ಲ. ಕಾಫಿ ಕುಡಿದು ಹೋದರು, ಜೊತೆಗೆ ಕಳಲೆ ತಂದಿದ್ದರು.

ಗುಳಿ ಇರುವ ಕಂಬ ಅವರು ಹೇಳಿದ ಕಡೆಯೇ ಇದೆ. ಮೂರು ಗುಳಿಯಲ್ಲಿ ಎರಡು ಕಾಣುತ್ತವೆ, ಕೆಳಗಿನದು ಸಿಮೆಂಟಿನಲ್ಲಿ ಮುಚ್ಚಿದೆ. ಒಂದು ಗುಳಿಯೊಳಗೆ ನಿಜವಾಗಿಯೂ ಒಂದು ಗೋಲಿ ಸಿಕ್ಕಿತು, ಹಸಿರು ಬಣ್ಣದ್ದು. ಅವರು ಅದನ್ನು ಜೇಬಿಗೆ ಹಾಕಿಕೊಂಡರು. ನಾನೇನೂ ಕೇಳಲಿಲ್ಲ.

ಎರಡು ಕಂಬದ ನಡುವೆ ಒಂಬತ್ತು ಅಡಿ ಎರಡು ಅಂಗುಲ. ಅಲ್ಲಿಂದ ನೇರ ನೋಡಿದರೆ ಒಂದು ಕಡೆ ನಮ್ಮ ಜಗಲಿ, ಇನ್ನೊಂದು ಕಡೆ ಹೊಳೆಗೆ ಇಳಿಜಾರು. ಆ ಇಳಿಜಾರಿನಲ್ಲಿ ಲಂಟಾನ ಕಡಿದ ಮೇಲೆ ನೆಲಕ್ಕೆ ಹಾಸಿದ ಕಲ್ಲು ಕಾಣುತ್ತಿದೆ. ಕಲ್ಲಿನಲ್ಲಿ ಎರಡು ಸಾಲು ತಗ್ಗು. ಚಕ್ರದ್ದಾ, ನೀರು ಹರಿದದ್ದಾ, ನನಗೆ ಗೊತ್ತಾಗಲಿಲ್ಲ. ಫೋಟೋ ಹಾಕಿದ್ದೇನೆ, ಜಗಳ ಆಡಿ.

ಮನೆ ತೆಗೆದುಕೊಳ್ಳುವವರಿಗೂ ತೋರಿಸಿದೆ. ಕಾಂಪೌಂಡ್ ಕಟ್ಟುವಾಗ ಕಂಬ ಕೀಳಬೇಕು ಅಂದುಕೊಂಡಿದ್ದರಂತೆ. ಕೂಲಿಯವರು ಗುದ್ದಲಿ ಹಾಕಿ ನೋಡಿ, ಮೇಲೆ ಇರುವಷ್ಟೇ ಕೆಳಗೂ ಇದೆ, ಇದಕ್ಕೆ ಜೆಸಿಬಿ ಬೇಕು ಅಂದರು. ಈ ಬೀದಿಗೆ ಜೆಸಿಬಿ ತಿರುಗಲ್ಲ. ಸದ್ಯಕ್ಕೆ ಕಂಬ ಉಳಿಯಿತು.

ಬರುವ ಮುಂಚೆ ಅಜ್ಜಿಯ ಬಟ್ಟೆ ಒಣಹಾಕುವ ಬಿದಿರಿನ ಗಳ ಅಟ್ಟದಿಂದ ಇಳಿಸಿದೆ. ನಡುವಿನ ತೂತಿಗೆ ತೂರಿಸಿದೆ. ಅಳತೆ ಮಾಡಿ ಮಾಡಿಸಿದ ಹಾಗೆ ಆ ಕಡೆಯ ಗುಳಿಗೆ ಹೋಗಿ ಕೂತಿತು. ಹಾಗೇ ಬಿಟ್ಟು ಬಂದಿದ್ದೇನೆ.

ಆಶ್ಲೇಷ

ಆ ಗಳ ಸಂಜೆ ನಾನು ತೆಗೆದು ನಿಮ್ಮ ಜಗಲಿಗೆ ಹಾಕಿದೆ. ಆರಿದ್ರಾ ಮಳೆ ಹಿಡಿದಿದೆ, ಹೊರಗೆ ಬಿಡಬೇಡಿ.